ಎಂಜಿನ್ನು ಕೂಗುತ್ತದೆ, ಗಾಲಿ ತಿರುಗದು!

ತುಂಗಭದ್ರೆಯ ಒಂದು ದಂಡೆಗೆ ಹರಿಹರ, ಎದುರು ದಂಡೆಗೆ ಕುಮಾರಪಟ್ಟಣ. 1956ರಲ್ಲಿ ಕನ್ನಡ ನಾಡು ಒಂದುಗೂಡುವವರೆಗೆ ಈ ಹೊಳೆಯೇ ಎರಡು ರಾಜ್ಯಗಳ ಗಡಿಯಾಗಿತ್ತು. ಅತ್ತ ಮೈಸೂರು, ಇತ್ತ ಮುಂಬಯಿ. ಇಂದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿರುವ ಕುಮಾರಪಟ್ಟಣವು ಕಾರ್ಖಾನೆಯ ಊರು. ಮರದ ತಿರುಳಿನಿಂದ ರೇಯಾನ್ ಬಟ್ಟೆಗೆ ಬೇಕಾಗುವ ಎಳೆಯನ್ನು ತಯಾರಿಸುವ ಕೆಲಸ ಅಲ್ಲಿ ನಡೆಯುತ್ತದೆ. ಆದುದರಿಂದ ನೀಲಗಿರಿ ಮರದ ತುಂಡುಗಳನ್ನು ಹೇರಿಕೊಂಡು ಬರುವ ಲಾರಿಗಳು ಆ ಊರಿನ ಮಕ್ಕಳಿಗೆ ಹೊಸತಲ್ಲ. ಏರು ಬಂದೊಡನೆ ಲಾರಿಯ ದನಿ ಕುಗ್ಗುವುದು, ಚಾಲಕನು ಗೇರು ಬದಲಿಸುವುದು, ದನಿ ಮತ್ತೆ ಏರುವುದು, ಇವನ್ನೆಲ್ಲ ಅವರು ಕಿವಿಯಿಂದಲೇ ಬಲ್ಲರು.

ಈಚೆಗೆ ಅಲ್ಲಿಗೆ ಹೋಗಿದ್ದಾಗ ನಾವು ಕಂಡ ಲಾರಿ ಮಾತ್ರ ಬೇರೊಂದು ತೆರನಾದುದು. ಅದರ ಉದ್ದ ಒಂದೂವರೆ ಅಡಿ. ಗಾಲಿಯ ಅಡ್ಡಳತೆ 14 ಸೆಂಟಿಮೀಟರು. ಒಳಗೆ ಚಾಲಕನಿಲ್ಲ, ಹತ್ತು ಮಾರು ದೂರದಲ್ಲಿ ಪಿಸ್ತೂಲಿನ ಹಿಡಿಯಂಥ ಒಂದು ಪೆಟ್ಟಿಗೆಯನ್ನು ಹಿಡಿದು ನಿಂತ ಕಾಲೇಜು ವಿದ್ಯಾರ್ಥಿಯೇ ಅದರ ಚಾಲಕ. ರೇಡಿಯೋ ಅಲೆಗಳ ಅಪ್ಪಣೆಯಂತೆ ಓಡುವ, ನೈಟ್ರೋ ಇಂಧನವನ್ನು ಕುಡಿಯುವ ಈ ಆಟದ ಲಾರಿಯನ್ನು ಆತನು ಎರಡು ವರ್ಷ ಕೂಡಿಟ್ಟ ಹಣದಿಂದ, ಬೇರೊಬ್ಬರು ಬಳಸಿ ಬಿಟ್ಟುದನ್ನು, ಕೊಂಡು ತಂದಿದ್ದನು. ನಾವು ನೋಡುತ್ತಿದ್ದಂತೆ ಆತನು ಪೆಟ್ಟಿಗೆಯ ಕುದುರೆಯನ್ನು ಎಳೆದನು. ಎಂಜಿನ್ನು ಕಿವಿ ಕಿತ್ತುಹೋಗುವಂತೆ ಕೂಗಿತು. ಲಾರಿ ಒಂದು ಗೇಣೂ ಕದಲಲಿಲ್ಲ.

“ಮತ್ತ ಹೋತು ನೋಡ್ರಿ,” ಎಂದನು ಆ ಹುಡುಗ. “ಇದು ಎರಡನೇ ಸಲ.”

ಒಂದು ತಿಂಗಳ ಹಿಂದೆ ಇದೇ ರೀತಿ ಆಗಿ, ಒಳಗಿನ ಪ್ಲಾಸ್ಟಿಕ್ಕಿನ ದೊಡ್ಡ ಹಲ್ಲುಚಕ್ರವೊಂದನ್ನು ಬದಲಿಸಿದ್ದನಂತೆ. ಮೂರನೆಯ ಚಕ್ರವೊಂದು ಆತನ ಬಳಿ ಉಳಿದಿತ್ತು. ಅದೂ ಹೋದರೆ ಲಾರಿಯನ್ನು ಸಿಕ್ಕ ಬೆಲೆಗೆ ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂದು ಆ ಮೂರನೆಯ ಚಕ್ರ ಉಳಿದ ಬಗೆಯನ್ನು ಇಲ್ಲಿ ಹೇಳಹೊರಟಿದ್ದೇವೆ.

ಒಂದು ಹೆಸರು, ಎರಡು ಅರ್ಥ

ಇಂಥ ಲಾರಿಯಲ್ಲಿ ‘ಟ್ರಾನ್ಸ್‌ಮಿಷನ್’ ಕೆಟ್ಟಿದೆಯೆಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಟ್ರಾನ್ಸ್‌ಮಿಷನ್ ಎಂಬುದು. ಕೈಯಲ್ಲಿರುವ ಪೆಟ್ಟಿಗೆಯಿಂದ ಲಾರಿಗೆ ರೇಡಿಯೋ ಅಲೆಗಳ ಮೂಲಕ ಅಪ್ಪಣೆ ಹೋಗುವುದೂ ಒಂದು ರವಾನೆಯೇ. ಎಂಜಿನ್ನಿನಿಂದ ಗಾಲಿಗೆ ಬಲ ಹೋಗುವುದೂ ಒಂದು ರವಾನೆಯೇ. ಮೊದಲನೆಯದರ ಇತಿಹಾಸ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಸಿ ತೋರಿಸಿದನು. ಹಿಂದೆ ಈ ಆಟಿಕೆಗಳಲ್ಲಿ 27 ಮೆಗಾಹರ್ಟ್ಸ್‌ನ ಅಲೆಗಳೂ ಅವಕ್ಕೆ ತಕ್ಕ ಜೋಡಿ ಹರಳುಗಳೂ ಬಳಕೆಯಲ್ಲಿದ್ದವು. ಇಬ್ಬರ ಹರಳು ಒಂದೇ ಆದರೆ ಒಬ್ಬನ ಅಪ್ಪಣೆಗೆ ಇನ್ನೊಬ್ಬನ ಲಾರಿ ಓಡುವ ಪ್ರಸಂಗ ಬರುತ್ತಿತ್ತು. ಈಗಿನವು ಬಹುಮಟ್ಟಿಗೆ 2.4 ಗಿಗಾಹರ್ಟ್ಸ್‌ನವು; ಆ ಗೊಂದಲ ಇವುಗಳಲ್ಲಿಲ್ಲ.

ರೇಡಿಯೋವಿನ ತಪ್ಪೋ ಯಂತ್ರದ ತಪ್ಪೋ ಎಂದು ತಿಳಿಯುವುದು ಸುಲಭ. ಎಂಜಿನ್ನನ್ನು ನಿಲ್ಲಿಸಿ, ಮೊದಲು ಕೈಪೆಟ್ಟಿಗೆಯ, ಆಮೇಲೆ ಲಾರಿಯ ಗುಂಡಿಯನ್ನು ಒತ್ತಿ, ಕುದುರೆಯನ್ನು ಎಳೆದು ನೋಡಬೇಕು. ಸರ್ವೋ ಎಂಬ ಪುಟ್ಟ ಮೋಟಾರಿನ ತೋಳು ತಿರುಗಿ ಕಾರ್ಬುರೇಟರಿನ ಬಾಯನ್ನು ತೆರೆದರೆ ಅಪ್ಪಣೆ ತಲುಪಿದೆಯೆಂದೇ ಅರ್ಥ. ಅದೇ ತೋಳು ಹಿಂದಕ್ಕೆ ತಿರುಗಿದಾಗ ಬ್ರೇಕನ್ನು ಹಿಡಿಯುತ್ತದೆ. ಕಡ್ಡಿಯ ಉದ್ದ ತಪ್ಪಿ ಬ್ರೇಕು ಸದಾ ಹಿಡಿದೇ ಇದ್ದರೂ ಲಾರಿ ಓಡದು. ಎಷ್ಟೋ ಜನ ಇದನ್ನು ನೋಡದೆ ಇಡೀ ಗೇರುಪೆಟ್ಟಿಗೆಯನ್ನು ಬಿಚ್ಚಿ ಕೂರುತ್ತಾರೆ. ಕುಮಾರಪಟ್ಟಣದ ಲಾರಿಯಲ್ಲಿ ಕುದುರೆ ಎಳೆದೊಡನೆ ಎಂಜಿನ್ನು ಕೂಗಿತ್ತು; ನಿಲ್ಲಿಸಿ ಕೈಯಿಂದ ತಳ್ಳಿದರೆ ಲಾರಿ ಸರಾಗವಾಗಿ ಉರುಳಿತು. ಹೀಗಾಗಿ ರೇಡಿಯೋ, ಬ್ರೇಕು ಎರಡೂ ನಿರ್ದೋಷಿಗಳು. ತಪ್ಪು ಬಲದ ದಾರಿಯಲ್ಲಿಯೇ ಎಲ್ಲಿಯೋ ಇತ್ತು.

ಪಾದವಿಲ್ಲದ ಕ್ಲಚ್ಚು

ಎಂಜಿನ್ನಿನ ಬಗೆಗೆ ಎರಡು ಮಾತು ಸಾಕು. ಇದು ಎರಡು ಹೊಡೆತದ ಎಂಜಿನ್ನು. ಉರುಳೆಯ ಗಾತ್ರ ಹೆಚ್ಚೆಂದರೆ ಮೂರು ನಾಲ್ಕು ಘನ ಸೆಂಟಿಮೀಟರು. ಇಂಧನವೆಂದರೆ ಮೆಥನಾಲು, ನೈಟ್ರೋಮೀಥೇನು ಮತ್ತು ಜಾರಿಕೆಗೆಂದು ಬೆರೆಸಿದ ಎಣ್ಣೆ. ನಮ್ಮ ಹರಳೆಣ್ಣೆಗೂ ಇದರಲ್ಲಿ ಸ್ಥಾನವುಂಟು. ಕಿಡಿ ಹಾರಿಸುವ ಪ್ಲಗ್ಗಿನ ಬದಲು ಪ್ಲಾಟಿನಂ ಬೆರೆತ ಒಂದು ಸಣ್ಣ ತಂತಿಯ ಸುರುಳಿಯಿದ್ದು, ಒಮ್ಮೆ ಕಾಸಿ ಹೊರಟಿತೆಂದರೆ ಅದು ಮೆಥನಾಲಿನ ಸಂಗದಲ್ಲಿ ತಾನೇ ಕೆಂಪಗೆ ಉಳಿಯುತ್ತದೆ. ಇಂಥ ಎಂಜಿನ್ನು ಮಿನಿಟಿಗೆ 30,000 ಸುತ್ತುಗಳನ್ನು ಸುತ್ತಬಲ್ಲುದು. ಆದರೆ ಅದರ ತಿರುಚುವ ಬಲ ಬಹಳ ಕಡಮೆ. ಬರಿಯ ವೇಗವೇ ಅದರ ಬಂಡವಾಳ. ಆ ವೇಗವನ್ನು ಇಳಿಸಿ ಬಲವನ್ನಾಗಿ ಮಾರ್ಪಡಿಸುವ ವ್ಯಾಪಾರವೇ ಗೇರುಗಳ ಕೆಲಸ.

ಒಂದು ಲೆಕ್ಕ ಹಾಕೋಣ. ಎಂಜಿನ್ನಿನ ಬುಡದ ಚಿಕ್ಕ ಚಕ್ರಕ್ಕೆ 15 ಹಲ್ಲು, ಅದಕ್ಕೆ ಕಚ್ಚಿಕೊಂಡ ದೊಡ್ಡ ಚಕ್ರಕ್ಕೆ 60 ಹಲ್ಲು ಎಂದಿಟ್ಟುಕೊಂಡರೆ ವೇಗವು ಅಲ್ಲಿ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಂದೆ ಗೇರುಪೆಟ್ಟಿಗೆ ಮತ್ತು ಅಚ್ಚಿನ ಗೇರುಗಳಲ್ಲಿ ಇನ್ನೂ ಐದನೆಯ ಒಂದು ಪಾಲಿಗೆ ಇಳಿಯಿತೆನ್ನಿ. ಒಟ್ಟು ಇಳಿಕೆ ಇಪ್ಪತ್ತು ಪಟ್ಟು. 30,000 ಸುತ್ತು 1,500 ಆಯಿತು. ಗಾಲಿಯ ಸುತ್ತಳತೆ ಸುಮಾರು 44 ಸೆಂಟಿಮೀಟರಾದುದರಿಂದ ಲಾರಿಯ ವೇಗ ಗಂಟೆಗೆ ಸುಮಾರು 40 ಕಿಲೋಮೀಟರು. ವೇಗ ಇಪ್ಪತ್ತು ಪಟ್ಟು ಇಳಿದಂತೆ ತಿರುಚುವ ಬಲವು, ಘರ್ಷಣೆಯ ನಷ್ಟವನ್ನು ಕಳೆದು, ಹೆಚ್ಚು ಕಡಮೆ ಅಷ್ಟೇ ಪಟ್ಟು ಏರಿತು.

ನಿಜವಾದ ಲಾರಿಗೂ ಈ ಆಟಿಕೆಗೂ ಮುಖ್ಯ ಭೇದವಿರುವುದು ಕ್ಲಚ್ಚಿನಲ್ಲಿ. ಅಲ್ಲಿ ಚಾಲಕನ ಕಾಲು ಎಂಜಿನ್ನನ್ನೂ ಗಾಲಿಯನ್ನೂ ಬೇರ್ಪಡಿಸುತ್ತದೆ. ಇಲ್ಲಿ ಕಾಲೂ ಇಲ್ಲ, ಚಾಲಕನೂ ಇಲ್ಲ. ಎಂಜಿನ್ನಿನ ಅಚ್ಚಿಗೆ ಗಟ್ಟಿಯಾಗಿ ಕೂರಿಸಿದ ಫ್ಲೈವೀಲಿನ ಮೇಲೆ ಎರಡು ಮೂರು ‘ಷೂ’ಗಳಿರುತ್ತವೆ. ಸಣ್ಣ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಅವುಗಳ ಸುತ್ತ ಒಂದು ಉಕ್ಕಿನ ಬಟ್ಟಲು, ಇದನ್ನು ಗಂಟೆಯೆನ್ನುತ್ತಾರೆ. 15 ಹಲ್ಲಿನ ಚಿಕ್ಕ ಚಕ್ರವು ಈ ಗಂಟೆಯ ಅಂಗವೇ. ಎಂಜಿನ್ನು ಮೆಲ್ಲನೆ ತಿರುಗುವಾಗ ಷೂಗಳು ಗಂಟೆಯನ್ನು ಮುಟ್ಟವು. ವೇಗ ಏರಿತೆಂದರೆ ಕೇಂದ್ರಾಪಗಾಮಿ ಬಲವು ಸ್ಪ್ರಿಂಗನ್ನು ಸೋಲಿಸುತ್ತದೆ. ಷೂಗಳು ಹೊರಕ್ಕೆ ಚಾಚಿ ಗಂಟೆಯನ್ನು ಹಿಡಿಯುತ್ತವೆ.

ಈ ಬಲವು ವೇಗದ ವರ್ಗದಂತೆ ಏರುವುದೆಂದು ನೀವು ಪಾಠದಲ್ಲಿ ಓದಿದ್ದೀರಿ. ಅದರ ಅರ್ಥವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಎರಡು ಗ್ರಾಂ ತೂಕದ ಒಂದು ಷೂ, ಕೇಂದ್ರದಿಂದ ಒಂದು ಸೆಂಟಿಮೀಟರು ದೂರದಲ್ಲಿ ಮಿನಿಟಿಗೆ 12,000 ಸುತ್ತು ತಿರುಗುತ್ತಿದ್ದರೆ, ಅದು ಹೊರಕ್ಕೆ ಒತ್ತುವ ಬಲ ಸುಮಾರು 32 ನ್ಯೂಟನ್. ಎಂದರೆ ಮೂರು ಕಿಲೋಗ್ರಾಂಗೂ ಮಿಕ್ಕಿದ ತೂಕದಷ್ಟು. 30,000 ಸುತ್ತಿಗೆ ಅದೇ ಷೂವಿನ ಒತ್ತಡ 20 ಕಿಲೋಗ್ರಾಂ ತೂಕಕ್ಕೆ ಸಮ. ಎರಡು ಗ್ರಾಮಿನ ಚೂರೊಂದು ಇಷ್ಟು ಒತ್ತುವುದರಿಂದಲೇ ಕಾಲಿನ ಸಹಾಯವಿಲ್ಲದೆ ಲಾರಿ ಹೊರಡುತ್ತದೆ.

ಕ್ಲಚ್ಚಿನ ರೋಗಗಳನ್ನು ಈ ವಿವರದಿಂದಲೇ ಊಹಿಸಿಕೊಳ್ಳಬಹುದು. ಷೂಗಳ ಮೇಲೆ ಎಣ್ಣೆ ಬಿದ್ದಿದ್ದರೆ, ಕಾದು ಗಾಜಿನಂತೆ ನುಣುಪಾಗಿದ್ದರೆ, ಅಥವಾ ಸವೆದಿದ್ದರೆ ಎಂಜಿನ್ನು ಕೂಗಿದರೂ ಲಾರಿ ತೆವಳುತ್ತದೆ. ಸ್ಪ್ರಿಂಗು ಮುರಿದರೆ ಇದಕ್ಕೆ ವಿರುದ್ಧ: ಮೆಲ್ಲನೆ ತಿರುಗುವಾಗಲೂ ಷೂ ಗಂಟೆಯನ್ನು ಹಿಡಿಯುವುದರಿಂದ ನಿಲ್ಲಿಸಿದಲ್ಲಿ ಲಾರಿ ನಿಲ್ಲದು, ಬ್ರೇಕು ಹಾಕಿದರೆ ಎಂಜಿನ್ನೇ ಆರಿಹೋಗುತ್ತದೆ. ಗಂಟೆಯೊಳಗಿನ ಪುಟ್ಟ ಬೇರಿಂಗು ಹಾಳಾದರೂ ಇದೇ ಲಕ್ಷಣ. ಜೊತೆಗೆ ಗಂಟೆಯು ವಾಲಾಡಿ ಎದುರಿನ ಹಲ್ಲುಚಕ್ರವನ್ನು ತಿನ್ನುತ್ತದೆ. ಎಂಜಿನ್ನು ನಿಂತಿರುವಾಗ ಗಂಟೆಯನ್ನು ಬೆರಳಿನಿಂದ ತಿರುಗಿಸಿ, ಅಲುಗಿಸಿ ನೋಡಿದರೆ ಇಷ್ಟೂ ತಿಳಿಯುತ್ತದೆ.

ನಾವು ಮುಚ್ಚಳ ತೆಗೆದು, ದೂರದಿಂದ, ಕುದುರೆಯನ್ನು ತುಸುವೇ ಎಳೆಸಿ ನೋಡಿದೆವು. ಫ್ಲೈವೀಲು ತಿರುಗಿತು. ಗಂಟೆಯೂ ತಿರುಗಿತು. ಎದುರಿನ ದೊಡ್ಡ ಚಕ್ರ ನಿಂತಲ್ಲೇ ನಿಂತಿತ್ತು. ತಿರುಗಾಟವು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆಯೆಂದು ನೋಡುವ ಈ ಕ್ರಮಕ್ಕಿಂತ ಹತ್ತಿರದ ದಾರಿ ಬೇರೊಂದಿಲ್ಲ. ಹುಡುಗರು ಇಲ್ಲಿ ಒಂದು ತಪ್ಪು ಮಾಡುವುದುಂಟು: ಲಾರಿಯನ್ನು ಎತ್ತಿ ಹಿಡಿದು ಪೂರ್ಣ ವೇಗ ಕೊಟ್ಟು ನೋಡುತ್ತಾರೆ. ಹೊರೆಯಿಲ್ಲದ ಎಂಜಿನ್ನು ಮಿತಿಮೀರಿ ತಿರುಗಿ ಒಳಗೇ ಮುರಿದುಕೊಂಡೀತು, ಬೆರಳೂ ಉಳಿಯಲಿಕ್ಕಿಲ್ಲ. ಮೆಥನಾಲು ವಿಷವೆಂಬುದನ್ನೂ, ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣದೆಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಿಬಿಡುವುದು ಒಳ್ಳೆಯದು.

ಮುರಿದ ಹಲ್ಲುಗಳ ಸಾಕ್ಷ್ಯ

ಹುಡುಗನು ಮೂರನೆಯ ಚಕ್ರವನ್ನು ತೆಗೆದು ಕೂರಿಸಲು ಅಣಿಯಾದನು. ಅಷ್ಟರಲ್ಲಿ ಆತನ ಅಜ್ಜನವರು ಹೊರಗೆ ಬಂದರು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೆಸರಾಗಿದ್ದವು. ಆ ಕಾರ್ಖಾನೆ ಈಗ ಇಲ್ಲ. ಅಲ್ಲಿ ಕೈ ಪಳಗಿಸಿಕೊಂಡವರು ಹೊಳೆಯ ಎರಡು ದಂಡೆಗಳಲ್ಲಿಯೂ ಇದ್ದಾರೆ. ಈ ಹಿರಿಯರು ಅಂಥವರಲ್ಲೊಬ್ಬರು. ಲೇತಿನ ಗೇರುಪೆಟ್ಟಿಗೆಗಳನ್ನು ಜೋಡಿಸುವುದರಲ್ಲಿ ಆಯುಷ್ಯ ಕಳೆದವರಿಗೆ ಆಟಿಕೆಯ ಗೇರು ಯಾವ ಲೆಕ್ಕ?

“ಮೂರನೇದ್ದು ಹಾಕ್ತೀಯೇನು ತಮ್ಮಾ?”

“ಹೂನಜ್ಜಾ. ಇದೂ ಹೋದ್ರ ಉಕ್ಕಿಂದು ತರಸ್ಬೇಕಂತ ಮಾಡೀನಿ.”

“ಹಲ್ಲು ಹೋದ್ವು, ಖರೆ. ಯಾಕ ಹೋದ್ವು?”

ಹುಡುಗನ ಬಳಿ ಉತ್ತರವಿರಲಿಲ್ಲ. ಅಜ್ಜನವರು ಹಳೆಯ ಎರಡು ಚಕ್ರಗಳನ್ನು ತರಿಸಿ ಬಿಸಿಲಿಗೆ ಹಿಡಿದರು. ಪುಣ್ಯಕ್ಕೆ ಮೊದಲನೆಯದನ್ನು ಹುಡುಗ ಬಿಸಾಡಿರಲಿಲ್ಲ.

ಹಲ್ಲುಚಕ್ರ ಕೆಡುವ ರೀತಿಗಳು ಹಲವು. ಒಂದೊಂದೂ ತನ್ನದೇ ಗುರುತನ್ನು ಬಿಟ್ಟಿರುತ್ತದೆ. ಎರಡು ಮೂರು ಹಲ್ಲು ಮಾತ್ರ ಬುಡಸಹಿತ ಹಾರಿ, ಉಳಿದವು ಹೊಸದರಂತಿದ್ದರೆ ನಡುವೆ ಕಲ್ಲು ಸಿಕ್ಕಿರಬೇಕು ಇಲ್ಲವೆ ಗಾಲಿಗಳು ಒಮ್ಮೆಲೇ ಕಚ್ಚಿ ನಿಂತಿರಬೇಕು. ಹಲ್ಲುಗಳ ಬುಡ ಉಜ್ಜಿ ಹೊಳೆಯುತ್ತಿದ್ದು, ಪ್ಲಾಸ್ಟಿಕ್ಕು ಕರಗಿದಂತಿದ್ದರೆ ಎರಡು ಚಕ್ರಗಳನ್ನು ತೀರ ಒತ್ತಿ ಕೂರಿಸಿದ್ದಾರೆಂದು ಅರ್ಥ. ಒಂದು ಅಂಚು ಮಾತ್ರ ಸವೆದಿದ್ದರೆ ಅಚ್ಚುಗಳು ಸಮಾನಾಂತರವಾಗಿಲ್ಲ. ನಮ್ಮ ಮುಂದಿದ್ದ ಎರಡೂ ಚಕ್ರಗಳಲ್ಲಿ ಸುತ್ತಲಿನ ಎಲ್ಲ ಹಲ್ಲುಗಳ ತುದಿ ಅರ್ಧ ಕೊರೆದುಹೋಗಿ, ಬುಡ ಹಾಗೆಯೇ ಉಳಿದಿತ್ತು. ಹಲ್ಲುಗಳು ತುದಿಯಿಂದ ಮಾತ್ರ ಕಚ್ಚಿಕೊಂಡು ತಿರುಗಿದ್ದವು. ಓಡುವ ಹೊತ್ತಿಗೆ ಚಕ್ರಗಳ ನಡುವಿನ ಅಂತರ ಹೆಚ್ಚಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಅಂತರ ಎಷ್ಟು ಸೂಕ್ಷ್ಮವೆಂಬುದನ್ನು ನೋಡಿ. 0.8 ಮಾಡ್ಯೂಲಿನ ಹಲ್ಲುಗಳಾದರೆ 15 ಹಲ್ಲಿನ ಚಕ್ರದ ಅಡ್ಡಳತೆ ಕಚ್ಚುವ ವೃತ್ತದಲ್ಲಿ 12 ಮಿಲಿಮೀಟರು, 60 ಹಲ್ಲಿನದು 48. ಎರಡರ ಕೇಂದ್ರಗಳ ನಡುವಣ ದೂರ 30 ಮಿಲಿಮೀಟರು. ಒಂದರ ಹಲ್ಲು ಇನ್ನೊಂದರೊಳಗೆ ಇಳಿಯುವ ಆಳ 1.6 ಮಿಲಿಮೀಟರು ಮಾತ್ರ. ಕೇಂದ್ರಗಳು 0.4 ಮಿಲಿಮೀಟರು ದೂರ ಸರಿದರೆ ಹಿಡಿತದ ಕಾಲುಭಾಗವೇ ಹೋಯಿತು. ಈಗಿನ ಹಲ್ಲುಗಳ ವಕ್ರಾಕೃತಿಯ ಗುಣವೇನೆಂದರೆ, ಅಂತರ ತುಸು ಹೆಚ್ಚಾದರೂ ವೇಗದ ಪ್ರಮಾಣ ಕೆಡುವುದಿಲ್ಲ; ಲಾರಿ ಮೊದಲಿನಂತೆಯೇ ಓಡುತ್ತಿರುತ್ತದೆ. ಆದರೆ ಬಲವೆಲ್ಲ ಹಲ್ಲಿನ ತುದಿಯ ಮೇಲೆ ಬಿದ್ದು, ಸನ್ನೆಗೋಲಿನ ತುದಿಯನ್ನು ಒತ್ತಿದಂತೆ ಹಲ್ಲನ್ನು ಬಾಗಿಸುತ್ತದೆ. ಈ ಗುಣದಿಂದಾಗಿಯೇ ರೋಗವು ಕೊನೆಯವರೆಗೆ ಗುಟ್ಟಾಗಿ ಉಳಿಯುವುದೆಂದು ನಮಗೆ ತೋರುತ್ತದೆ.

“ನಾ ಪಟ್ಟಿ ಇಟ್ಟು ಸರಿಯಾಗೇ ಕೂಡ್ಸೀನಜ್ಜಾ,” ಎಂದು ಹುಡುಗ ವಾದಿಸಿದನು. ಆತನು ಹೇಳಿದ್ದು ಕಾಗದದ ಪಟ್ಟಿಯ ವಿಧಾನವನ್ನು. ಎರಡು ಚಕ್ರಗಳ ನಡುವೆ ನೋಟುಬುಕ್ಕಿನ ಕಾಗದದ ಒಂದು ಪಟ್ಟಿಯನ್ನಿಟ್ಟು, ಎಂಜಿನ್ನನ್ನು ಒತ್ತಿ ತಿರುಪುಗಳನ್ನು ಬಿಗಿಮಾಡಿ, ಆಮೇಲೆ ಚಕ್ರವನ್ನು ತಿರುಗಿಸಿ ಪಟ್ಟಿಯನ್ನು ಹೊರತೆಗೆಯುವುದು. ಪಟ್ಟಿ ಹರಿಯದೆ, ಮಡಿಕೆ ಮಡಿಕೆಯಾಗಿ ಹೊರಬಂದರೆ ಅಂತರ ಸರಿಯಾಯಿತು. ಅಗ್ಗವಾದರೂ ಇದು ಒಳ್ಳೆಯ ವಿಧಾನ. ಹುಡುಗನು ಎರಡು ಸಲವೂ ಹೀಗೆಯೇ ಮಾಡಿದ್ದನು. ಎರಡು ಸಲವೂ ಅಂತರ ಸರಿಯಿತ್ತು. ಎರಡು ಸಲವೂ ಹಲ್ಲು ಹೋದವು.

ಹಾಗಾದರೆ ಅಂತರ ಹೆಚ್ಚಿದ್ದು ಓಡುವಾಗ. ಗಂಟೆಯ ಬೇರಿಂಗನ್ನು ಅಜ್ಜನವರು ಬೆರಳಿನಿಂದ ಅಲುಗಿಸಿ ನೋಡಿದರು, ದೋಷವಿಲ್ಲ. ಚಿಕ್ಕ ಚಕ್ರದ ಉಕ್ಕಿನ ಹಲ್ಲುಗಳು ಮೊನೆಯಾಗಿ ಸವೆದಿದ್ದರೆ ಹೊಸ ಚಕ್ರವನ್ನು ಅವೇ ಕತ್ತರಿಸಬಹುದಿತ್ತು, ಅವೂ ಸರಿಯಾಗಿದ್ದವು. ಉಳಿದದ್ದು ಎಂಜಿನ್ನನ್ನು ಅಡಿಹಲಗೆಗೆ ಬಿಗಿದ ನಾಲ್ಕು ತಿರುಪುಗಳು. ಹುಡುಗ ಅವನ್ನು ಮುಟ್ಟಿ ನೋಡಿ, “ಬಿಗಿ ಅದಾವಲ್ಲ” ಎಂದನು. ಅಜ್ಜನವರು ಒಪ್ಪಲಿಲ್ಲ. ಮೂರನೆಯ ಚಕ್ರವನ್ನು ಹಾಕಿಸಿ, ಪಟ್ಟಿಯಿಟ್ಟು ಬಿಗಿಮಾಡಿಸಿ, ಎಂಜಿನ್ನಿನ ಪಾದದಿಂದ ಅಡಿಹಲಗೆಯವರೆಗೆ ಒಂದು ಗೀರನ್ನು ಸೂಜಿಯಿಂದ ಎಳೆದರು. “ಈಗ ಐದು ಮಿನಿಟು ಓಡ್ಸು. ಜೋರು ಮಾಡಬ್ಯಾಡ. ನಿಂದ್ರಿಸಿ ತಗಂಬಾ,” ಎಂದರು.

ಕೊನೆಯ ಚಕ್ರವನ್ನು ಹೀಗೆ ಪಣಕ್ಕಿಡುವುದು ಹುಡುಗನಿಗೆ ಇಷ್ಟವಿರಲಿಲ್ಲ. ಐದು ಮಿನಿಟಿನ ಬದಲು ಮೂರೇ ಮಿನಿಟಿಗೆ ನಿಲ್ಲಿಸಿ ತಂದನು. ಗೀರು ಎರಡು ತುಂಡಾಗಿತ್ತು! ಎಂಜಿನ್ನು ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ತಿರುಪುಗಳು ಕೈಗೆ ಇನ್ನೂ ಬಿಗಿಯಾಗಿಯೇ ತೋರುತ್ತಿದ್ದವು.

ಇದಕ್ಕೆ ಕಾರಣ ಹಲ್ಲುಗಳಲ್ಲಿಯೇ ಇದೆ. ಹಲ್ಲು ಹಲ್ಲನ್ನು ಮುಂದಕ್ಕೆ ತಳ್ಳುವಾಗ ನೇರವಾಗಿ ತಳ್ಳುವುದಿಲ್ಲ, ಸಾಮಾನ್ಯವಾಗಿ 20 ಡಿಗ್ರಿ ಓರೆಯಾಗಿ ತಳ್ಳುತ್ತದೆ. ಆ ಓರೆಯ ಫಲವಾಗಿ, ಚಕ್ರವನ್ನು ತಿರುಗಿಸುವ ಬಲದ ನೂರಕ್ಕೆ 36ರಷ್ಟು ಬಲವು ಎರಡು ಚಕ್ರಗಳನ್ನು ಒಂದರಿಂದೊಂದು ದೂರ ತಳ್ಳಲು ಯತ್ನಿಸುತ್ತಿರುತ್ತದೆ. ಅದನ್ನು ತಡೆದು ನಿಲ್ಲಿಸಬೇಕಾದದ್ದು ಎಂಜಿನ್ನಿನ ಪಾದಕ್ಕೂ ಅಡಿಹಲಗೆಗೂ ನಡುವಿನ ಘರ್ಷಣೆ. ಅಂತರವನ್ನು ಹೊಂದಿಸಿಕೊಳ್ಳಲೆಂದು ತಿರುಪಿನ ತೂತುಗಳನ್ನು ಉದ್ದುದ್ದವಾಗಿ ಮಾಡಿರುತ್ತಾರಾದುದರಿಂದ ತಿರುಪು ತಾನಾಗಿ ಅಡ್ಡ ನಿಲ್ಲಲಾರದು. ಇನ್ನು ನೈಟ್ರೋ ಎಂಜಿನ್ನಿನ ಹೊಗೆಯಲ್ಲಿ ಉರಿಯದ ಎಣ್ಣೆ ಧಾರಾಳವಾಗಿ ಹೊರಬಂದು ಎಲ್ಲೆಡೆ ಪಸರಿಸುತ್ತದೆ. ಪಾದದ ಅಡಿಗೂ, ತಿರುಪಿನ ಎಳೆಗಳಿಗೂ ಆ ಎಣ್ಣೆ ಇಳಿದಿತ್ತು. ಮೇಲೆ ಮಿನಿಟಿಗೆ ಸಾವಿರಾರು ಸಲ ನಡುಕ. ಎಂಜಿನ್ನು ಸರಿಯದೆ ಮತ್ತೇನು ಮಾಡೀತು?

ಹುಡುಗನಿಗೆ ಇದು ಮೊದಲೇ ಏಕೆ ಗೋಚರಿಸಲಿಲ್ಲ? ಚಕ್ರವನ್ನು ಬದಲಿಸುವಾಗ ಆತನು ಪ್ರತಿ ಸಲವೂ ಆ ನಾಲ್ಕು ತಿರುಪುಗಳನ್ನು ಸಡಿಲಿಸಿ, ಪಟ್ಟಿಯಿಟ್ಟು, ಮತ್ತೆ ಬಿಗಿಮಾಡುತ್ತಿದ್ದನು. ಎಂಜಿನ್ನು ಸರಿದುಹೋಗಿತ್ತೆಂಬ ಪುರಾವೆಯನ್ನು ಅವನ ದುರಸ್ತಿಯೇ ಅಳಿಸಿಹಾಕುತ್ತಿತ್ತು. ಹೊಸ ಚಕ್ರ ಬಂದೊಡನೆ ಎಲ್ಲವೂ ಸರಿಯಾದಂತೆ ತೋರುತ್ತಿದ್ದುದರಿಂದ ಚಕ್ರವೇ ಅಪರಾಧಿಯೆಂದು ಆತನು ನಂಬಿದ್ದು ಆಶ್ಚರ್ಯವಲ್ಲ.

ಉಪಾಯ ಸರಳವಾಗಿತ್ತು. ಎಂಜಿನ್ನನ್ನು ಕೆಳಗಿಳಿಸಿ, ಪಾದವನ್ನೂ ಅಡಿಹಲಗೆಯನ್ನೂ ತಿರುಪುಗಳನ್ನೂ ಸ್ಪಿರಿಟಿನಿಂದ ಒರೆಸಿ ಒಣಗಿಸಿದರು. ತಿರುಪಿನ ಎಳೆಗೆ, ಬೇಕಾದಾಗ ಬಿಚ್ಚಲು ಬರುವ ನೀಲಿ ಬಣ್ಣದ ತಿರುಪು ಅಂಟನ್ನು ಒಂದೊಂದು ಹನಿ ಹಚ್ಚಿದರು. ಈ ಅಂಟು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ತಕ್ಕುದು. ಕೆಲವು ಬಗೆಯ ಪ್ಲಾಸ್ಟಿಕ್ಕು ಇದರಿಂದ ಬಿರುಕು ಬಿಡುತ್ತದೆ.

ಉಕ್ಕಿನ ಚಕ್ರದ ವಿಚಾರವನ್ನು ಅಜ್ಜನವರು ತಲೆಯಾಡಿಸಿ ತಳ್ಳಿಹಾಕಿದರು. ನಾವೂ ಅವರ ಪಕ್ಷವೇ. ಮನೆಯ ವಿದ್ಯುತ್ತಿನ ಫ್ಯೂಜು ತಂತಿಯನ್ನು ತೆಳ್ಳಗೆ ಇಟ್ಟಿರುವುದು ಬಡತನದಿಂದಲ್ಲ. ಇಲ್ಲಿ ಪ್ಲಾಸ್ಟಿಕ್ಕಿನ ಚಕ್ರ ಮೊದಲು ಸೋಲುವುದರಿಂದ ಗೇರುಪೆಟ್ಟಿಗೆಯ ಒಳಗಿನ ಅಚ್ಚುಗಳು ಉಳಿಯುತ್ತವೆ. ಉಕ್ಕನ್ನು ಹಾಕಿ, ಕಾರಣವನ್ನು ಹಾಗೆಯೇ ಬಿಟ್ಟರೆ ಮುಂದಿನ ಸಲ ಮುರಿಯುವ ಭಾಗಕ್ಕೆ ಹತ್ತು ಪಟ್ಟು ಬೆಲೆ ತೆರಬೇಕಾದೀತು.

ಬಿಚ್ಚಿದ ಮೇಲೆ ಇನ್ನೊಂದು ತಪ್ಪೂ ಹೊರಬಿತ್ತು. ದೊಡ್ಡ ಚಕ್ರದ ಬಗಲಲ್ಲಿ ಸ್ಪ್ರಿಂಗಿನಿಂದ ಒತ್ತಿದ ಒಂದು ಘರ್ಷಣೆಯ ಬಿಲ್ಲೆಯಿರುತ್ತದೆ. ಇದನ್ನು ಸ್ಲಿಪ್ಪರ್ ಎನ್ನುತ್ತಾರೆ. ಲಾರಿ ಹಾರಿ ನೆಲಕ್ಕೆ ಬಿದ್ದಾಗ, ತಿರುಗುವ ಗಾಲಿ ಒಮ್ಮೆಲೇ ನೆಲವನ್ನು ಹಿಡಿಯುವ ಪೆಟ್ಟನ್ನು ಇದು ತುಸು ಜಾರಿ ನುಂಗಿಕೊಳ್ಳುತ್ತದೆ. ಮೊದಲ ಸಲ ಲಾರಿ ನಿಂತಾಗ ‘ಸ್ಲಿಪ್ಪರ್ ಜಾರುತ್ತಿದೆ’ ಎಂದು ಭಾವಿಸಿ ಹುಡುಗ ಅದರ ನಟ್ಟನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿದ್ದನು. ಅಲ್ಲಿಂದಾಚೆಗೆ ಪ್ರತಿ ಪೆಟ್ಟೂ ನೇರವಾಗಿ ಹಲ್ಲುಗಳ ಮೇಲೆಯೇ ಬೀಳುತ್ತಿತ್ತು. ಎರಡನೆಯ ಚಕ್ರ ಬೇಗನೆ ಹೋದುದರಲ್ಲಿ ಇದರ ಪಾಲೂ ಇದ್ದಿರಬೇಕು. ಹಿಂದಿನ ಎರಡು ಗಾಲಿಗಳನ್ನು ಹಿಡಿದು ದೊಡ್ಡ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ, ಬಲವಾಗಿ ಒತ್ತಿದಾಗ ಮಾತ್ರ ಅದು ಜಾರಬೇಕು. ತಯಾರಕರು ಎಷ್ಟು ಸುತ್ತು ಸಡಿಲಿಸಲು ಹೇಳಿದ್ದಾರೋ ಅಷ್ಟಕ್ಕೆ ನಟ್ಟನ್ನು ತಂದು ನಿಲ್ಲಿಸಲಾಯಿತು.

ದಾರಿಯ ಉಳಿದ ಭಾಗ

ಬಲದ ದಾರಿ ಇಲ್ಲಿಗೆ ಮುಗಿಯಲಿಲ್ಲ. ಎರಡು ಗೇರಿನ ಲಾರಿಗಳಲ್ಲಿ ಮೊದಲ ಗೇರಿನ ಚಕ್ರದೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗಿರುತ್ತದೆ. ಸೈಕಲ್ಲಿನ ಫ್ರೀವೀಲನ್ನು ಬಲ್ಲವರಿಗೆ ಇದು ತಿಳಿದ ವಿಷಯವೇ. ವೇಗ ಏರಿದಾಗ ಎರಡನೆಯ ಗೇರಿನ ಪುಟ್ಟ ಕೇಂದ್ರಾಪಗಾಮಿ ಕ್ಲಚ್ಚು ಹಿಡಿದುಕೊಳ್ಳುತ್ತದೆ. ಮೊದಲನೆಯದು ಫ್ರೀವೀಲಿನಂತೆ ಸುಮ್ಮನೆ ಹಿಂದೆ ಬೀಳುತ್ತದೆ. ಈ ಬೇರಿಂಗಿಗೆ ದಪ್ಪ ಗ್ರೀಸು ತುಂಬಿದರೆ ಒಳಗಿನ ಉರುಳೆಗಳು ಹಿಡಿಯದೆ ಜಾರಿ, ಲಾರಿ ಹೊರಡುವುದೇ ಇಲ್ಲ. ಪ್ರೀತಿಯಿಂದ ಗ್ರೀಸು ಹಚ್ಚಿ ಕೆಡಿಸಿದವರು ಬಹಳ ಜನ. ತೆಳುವಾದ ಎಣ್ಣೆಯ ಒಂದು ಹನಿ ಸಾಕು.

1999ರಲ್ಲಿ ಅಮೆರಿಕದ ಟ್ರಾಕ್ಸಾಸ್ ಕಂಪನಿಯ ಟಿ-ಮ್ಯಾಕ್ಸ್ ಬಂದಂದಿನಿಂದ ಹಿಂದಕ್ಕೂ ಚಲಿಸುವ ನೈಟ್ರೋ ಲಾರಿಗಳು ಜನಪ್ರಿಯವಾದವು. ಇವುಗಳಲ್ಲಿ ಇನ್ನೊಂದು ಸರ್ವೋ ಗೇರನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತದೆ. ಪೂರಾ ನಿಲ್ಲುವ ಮೊದಲೇ ಹಿಮ್ಮುಖ ಮಾಡಿದರೆ ಏನಾಗುವುದೆಂದು ಲಾರಿ ಚಾಲಕರನ್ನು ಕೇಳಿದರೆ ಹೇಳಿಯಾರು.

ಅಚ್ಚಿನ ನಡುವೆ ಕುಳಿತ ಡಿಫರೆನ್ಷಿಯಲ್ಲು ಇನ್ನೊಂದು ಸಂಶಯಸ್ಥಾನ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ, ಒಳಗಾಲಿ ಕಡಮೆ ದೂರ ಹೋಗಬೇಕಷ್ಟೆ? ಆ ಭೇದವನ್ನು ಸರಿತೂಗಿಸುವ ಈ ಉಪಕರಣಕ್ಕೆ ಫ್ರಾನ್ಸಿನ ಪೆಕೂರ್ ಎಂಬಾತನು 1827ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಇದರ ಪರೀಕ್ಷೆ ಮೋಜಿನದು. ದೊಡ್ಡ ಚಕ್ರವನ್ನು ಬಿಗಿಹಿಡಿದು ಹಿಂದಿನ ಒಂದು ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಅದರ ಜೋಡಿಗಾಲಿಯು ಹಿಂದಕ್ಕೆ ತಿರುಗಬೇಕು. ತಿರುಗದಿದ್ದರೆ ಒಳಗಿನ ಹಲ್ಲೋ, ಗಾಲಿಗೆ ಹೋಗುವ ಕಡ್ಡಿಯೋ, ಗಾಲಿಯ ಗುಬ್ಬಿಯೊಳಗಿನ ಪಿನ್ನೋ ಹೋಗಿದೆಯೆಂದು ತಿಳಿಯಬೇಕು. ವೇಗ ಕೊಟ್ಟಾಗಲೆಲ್ಲ ಅಚ್ಚಿನಿಂದ ‘ಟಕ್ ಟಕ್’ ಎಂಬ ಸದ್ದು ಬಂದರೆ ಅಲ್ಲಿನ ಹಲ್ಲುಗಳು ಒಂದರ ಮೇಲೊಂದು ಹಾರುತ್ತಿವೆ.

ನಾಲ್ಕು ಗಾಲಿಗಳಿಗೂ ಬಲ ಹೋಗುವ ಲಾರಿಯಲ್ಲಿ ಒಂದು ಮೋಸವುಂಟು. ಮುಂದಿನ ಅಚ್ಚಿಗೆ ಹೋಗುವ ದಂಡದ ಸಣ್ಣ ತಿರುಪೊಂದು ಸಡಿಲವಾಗಿ ಮುಂದಿನ ಗಾಲಿಗಳಿಗೆ ಬಲವೇ ಹೋಗದಿದ್ದರೂ, ನಡುವೆ ಇನ್ನೊಂದು ಡಿಫರೆನ್ಷಿಯಲ್ಲು ಇಲ್ಲದ ಲಾರಿ ಹಿಂದಿನ ಗಾಲಿಗಳಿಂದ ಓಡುತ್ತಲೇ ಇರುತ್ತದೆ. ಒಡೆಯನಿಗೆ ತಿಳಿಯುವುದೇ ಇಲ್ಲ. ಮರಳಿನಲ್ಲಿ ಸಿಕ್ಕಿಬಿದ್ದಾಗ ಎಂಜಿನ್ನಿನ ಶಕ್ತಿ ಸಾಲದೆಂದು ಕಾರ್ಬುರೇಟರಿನ ಸೂಜಿಯನ್ನು ತಿರುಗಿಸುತ್ತಾನೆ; ಇಂಧನ ಕಡಮೆಯಾಗಿ, ಅದರೊಡನೆ ಬರುವ ಎಣ್ಣೆಯೂ ಕಡಮೆಯಾಗಿ, ಒಳ್ಳೆಯ ಎಂಜಿನ್ನು ಕಾದು ಕೆಡುತ್ತದೆ. ತಿಂಗಳಿಗೊಮ್ಮೆ ಲಾರಿಯನ್ನು ಮೊಳಕಾಲ ಮೇಲಿಟ್ಟು, ಎಂಜಿನ್ನು ನಿಂತಿರುವಾಗ, ದೊಡ್ಡ ಚಕ್ರವನ್ನು ಬೆರಳಿನಿಂದ ತಿರುಗಿಸಿ ಹಿಂದು ಮುಂದಿನ ಅಚ್ಚುಗಳೆರಡೂ ತಿರುಗುತ್ತವೆಯೇ ಎಂದು ನೋಡಿಕೊಂಡರೆ ಈ ಅನರ್ಥ ತಪ್ಪುತ್ತದೆ.

ತಿರುಪಿನ ಅಂಟು ಒಣಗಲು ಒಂದು ರಾತ್ರಿ ಬಿಡಬೇಕೆಂದು ಅಜ್ಜನವರು ಹೇಳಿದ್ದರಿಂದ ನಾವೂ ಆ ರಾತ್ರಿ ಕುಮಾರಪಟ್ಟಣದಲ್ಲಿಯೇ ಉಳಿದೆವು. ಮಾರನೆಯ ಬೆಳಗ್ಗೆ ಹೊಳೆಯ ಬದಿಯ ಬಯಲಿನಲ್ಲಿ ಲಾರಿ ಎರಡು ಟ್ಯಾಂಕು ಇಂಧನ ಮುಗಿಯುವವರೆಗೆ ಓಡಿತು. ಪಾದದ ಬಳಿ ಹೊಸದಾಗಿ ಎಳೆದ ಗೀರು ಒಂದೇ ಗೆರೆಯಾಗಿ ಉಳಿದಿತ್ತು. ಮೂರನೆಯ ಚಕ್ರದ ಹಲ್ಲುಗಳನ್ನು ಹುಡುಗ ಒಂದೊಂದಾಗಿ ಎಣಿಸಿದನು; 60ಕ್ಕೆ 60 ಇದ್ದವು. ಎರಡನೆಯ ಗೇರು ಮಾತ್ರ ಬಹಳ ತಡವಾಗಿ ಬೀಳುತ್ತಿತ್ತು. ಅದನ್ನು ಹೊಂದಿಸುವ ತಿರುಪನ್ನು ಒಂದು ಸಲಕ್ಕೆ ಸುತ್ತಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ತಿರುಗಿಸಕೂಡದು. ನಾವು ಸೇತುವೆ ದಾಟಿ ಹರಿಹರದತ್ತ ಹೊರಟಾಗ ಅಜ್ಜ ಮೊಮ್ಮಗ ಇಬ್ಬರೂ ಬಯಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಆ ತಿರುಪನ್ನು ಇನ್ನೊಂದು ಸಲ ತಿರುಗಿಸುತ್ತಿದ್ದರು.